ಕಾಸರಗೋಡಿನ ಕನ್ನಡದ ಪಂಚಾಯತುಗಳು ಮೂರು ಕ್ಷೇತ್ರಕ್ಕೆ ಹಂಚಿಹೋದದ್ದು ಯಾಕೆ?

ಘಟ್ಟದ ಮೇಲಿನವರು ಮತ್ತೆ ಮತ್ತೆ ಕೇಳುವುದಿದು: ಕನ್ನಡದ ಊರುಗಳನ್ನೆಲ್ಲ ಒಂದೇ ವಿಧಾನಸಭಾ ಕ್ಷೇತ್ರಕ್ಕೆ ಸೇರಿಸಿ ಅಂತ ಕೋರ್ಟಿಗೆ ಹೋಗಬಾರದೇ?

ಮೊದಲು ಗೆರೆ ಎಲ್ಲಿದೆ ನೋಡಿ. ಮಂಜೇಶ್ವರ, ವರ್ಕಾಡಿ, ಮೀಂಜ, ಪೈವಳಿಕೆ, ಮಂಗಲ್ಪಾಡಿ, ಕುಂಬಳೆ, ಪುತ್ತಿಗೆ, ಎಣ್ಮಕಜೆ ಸೇರಿದರೆ ಮಂಜೇಶ್ವರ ಕ್ಷೇತ್ರ. ಬದಿಯಡ್ಕ, ಬೆಳ್ಳೂರು, ಕುಂಬಡಾಜೆ, ಮಧೂರು ಇರುವುದು ಕಾಸರಗೋಡು ಕ್ಷೇತ್ರದಲ್ಲಿ. ದೇಲಂಪಾಡಿ ಉದುಮಕ್ಕೆ ಸೇರಿದೆ. ಎಣ್ಮಕಜೆ ಪಂಚಾಯತಿನ ಪೆರ್ಲದಿಂದ ಬದಿಯಡ್ಕಕ್ಕೆ ಬಸ್ಸಲ್ಲಿ ಹೋಗುವಾಗ ಕ್ಷೇತ್ರ ಬದಲಾಗುತ್ತದೆ, ಆಡುವ ಮಾತು ಬದಲಾಗುವುದಿಲ್ಲ. 2016ರಲ್ಲಿ ಮಂಜೇಶ್ವರದ ಗೆಲುವಿನ ಅಂತರ 89 ಮತ, 2021ರಲ್ಲಿ 745. ಹಾಗಾಗಿ ಒಂದು ಪಂಚಾಯತು ಆಚೆಗೋ ಈಚೆಗೋ ಹೋಗುವುದು ಇಲ್ಲಿ ಸಣ್ಣ ಮಾತಲ್ಲ.

ಈ ಗೆರೆ ಎಳೆಯುವಾಗ ಏನೇನು ನೋಡಬೇಕೆಂದು 2002ರ ಕ್ಷೇತ್ರ ಮರುವಿಂಗಡಣಾ ಕಾಯ್ದೆಯ 9ನೇ ಕಲಂ ಹೇಳುವುದು ಒತ್ತಾಗಿ ಕೂಡಿಕೊಂಡ ಪ್ರದೇಶ, ಹೊಳೆ ಗುಡ್ಡೆಯಂಥ ಭೂಲಕ್ಷಣ, ಆಡಳಿತ ಗಡಿ, ಸಂಚಾರ ಸೌಕರ್ಯ, ಜನರ ಅನುಕೂಲ, ಇಷ್ಟನ್ನೇ. ಭಾಷೆಯ ಹೆಸರೇ ಅಲ್ಲಿಲ್ಲ. ಜನಸಂಖ್ಯೆ ಸಾಧ್ಯವಾದಷ್ಟು ಸಮ ಆಗಬೇಕೆಂಬುದು ಸಂವಿಧಾನದ 170ನೇ ವಿಧಿ. ತಲೆ ಲೆಕ್ಕ ಸರಿಹೋದರೆ ಕಾನೂನಿನ ಕಣ್ಣಿಗೆ ಮತ ಸಮಾನ. ಭಾಷಾ ಅಲ್ಪಸಂಖ್ಯಾತರ ದನಿ ಮೂರು ಪಾಲಾದದ್ದು ಆ ಲೆಕ್ಕಕ್ಕೆ ಕಾಣಿಸುವುದಿಲ್ಲ. ನನ್ನ ಪ್ರಕಾರ ದೊಡ್ಡ ಕೊರತೆ ಇದೇ.

ಇನ್ನು ಕೋರ್ಟಿನ ವಿಷಯ. ಉಜ್ಜಯಿನಿ ಕ್ಷೇತ್ರವನ್ನು ಮೀಸಲು ಮಾಡಿದ್ದರ ವಿರುದ್ಧ ಬಂದ ಮೇಘರಾಜ ಕೊಠಾರಿ ಪ್ರಕರಣದಲ್ಲಿ, ಗೆಜೆಟಿನಲ್ಲಿ ಪ್ರಕಟವಾದ ಕ್ಷೇತ್ರ ಮರುವಿಂಗಡಣಾ ಆಯೋಗದ ಆದೇಶ ಕಾನೂನಿಗೇ ಸಮ, 329ನೇ ವಿಧಿಯಂತೆ ಪ್ರಶ್ನಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1966ರಲ್ಲಿ ಹೇಳಿತು. ಇಲ್ಲವಾದರೆ ಒಂದಲ್ಲ ಒಂದು ದಾವೆಯಿಂದ ಚುನಾವಣೆಯೇ ನಿಂತುಹೋದೀತು ಎಂಬ ಅಳುಕು. ಗುಜರಾತಿನ ಬಾರ್ಡೋಲಿ ಕ್ಷೇತ್ರದ ಮೀಸಲಾತಿ ತಕರಾರಿನಲ್ಲಿ 2024ರಲ್ಲಿ ಅದೇ ಕೋರ್ಟು ಬಾಗಿಲನ್ನು ತುಸು ತೆರೆಯಿತು: ಆದೇಶ ಕಣ್ಣಿಗೆ ಹೊಡೆಯುವಷ್ಟು ಮನಸೋಇಚ್ಛೆಯದ್ದಾಗಿದ್ದು ಸಂವಿಧಾನದ ಮೌಲ್ಯಗಳಿಗೆ ಹೊಂದದಿದ್ದರೆ ಪರಿಶೀಲಿಸಬಹುದು. "ನಮ್ಮ ಊರು ಆಚೆ ಹೋಯಿತು" ಎನ್ನುವುದು ಆ ಮಟ್ಟಕ್ಕೆ ಏರುವುದು ಕಷ್ಟ.

ಹಾಗಾಗಿ ಕೈಲಿರುವ ಸಮಯ, ಮರುವಿಂಗಡಣೆ ನಡೆಯುವಾಗ ಆಯೋಗ ಹೊರಡಿಸುವ ಕರಡಿನ ಹಂತ ಮಾತ್ರ. ಕರಡು ಪ್ರಕಟವಾದ ಮೇಲೆ ಆಕ್ಷೇಪಣೆಗೆ ದಿನ ಗೊತ್ತುಮಾಡುತ್ತಾರೆ, ಬಹಿರಂಗ ಸಭೆಯೂ ಇರುತ್ತದೆ. ಹೆಚ್ಚಿನವರು ತಪ್ಪುವುದು ಅಲ್ಲೇ: ಭಾಷಾಭಿಮಾನದ ಮನವಿಗೆ ನೂರಾರು ಸಹಿ ಹಾಕಿಸುತ್ತಾರೆ, ಯಾವ ಪಂಚಾಯತಿಗೆ ಬದಲು ಯಾವುದು ಎಂದು ಬರೆಯುವುದಿಲ್ಲ. ಬದಿಯಡ್ಕವನ್ನು ಮಂಜೇಶ್ವರಕ್ಕೆ ಕೇಳಿದರೆ ಅಲ್ಲಿಂದ ಹೊರಹೋಗುವ ಪಂಚಾಯತಿನ ಹೆಸರು, ಎರಡರ ಜನಗಣತಿ ಸಂಖ್ಯೆ, ಅದಲುಬದಲಾದ ಮೇಲೆ ಎರಡೂ ಕ್ಷೇತ್ರದ ಮೊತ್ತ, ರಸ್ತೆ ಸಂಪರ್ಕ, ಇವೆಲ್ಲ ಒಂದೇ ಹಾಳೆಯಲ್ಲಿರಬೇಕು. ಭಾಷೆಯ ಮಾತನ್ನು "ಜನರ ಅನುಕೂಲ"ದಡಿ ಬರೆಯಿರಿ: ಜನ ತಮ್ಮ ಶಾಸಕರ ಹತ್ತಿರ ಕಷ್ಟ ಹೇಳಿಕೊಳ್ಳುವುದು ಕನ್ನಡದಲ್ಲಿ, ಅರ್ಜಿ ಬರೆಯುವುದೂ ಕನ್ನಡದಲ್ಲಿ ಅಂತ.