ಬಂಗಲೆ ತೋಟದಲ್ಲಿ ಪುಟಾಣಿ ರೈಲು ಓಡಬೇಕಾ?

ನಿವೃತ್ತ ಮೇಷ್ಟ್ರೊಬ್ಬರು ಪತ್ರ ಬರೆದಿದ್ದಾರೆ. ಅವರ ಊರಿನ ಹಳೇ ಜಮೀನ್ದಾರರ ಬಂಗಲೆ, ಅದರ ಸುತ್ತಲಿನ ಹನ್ನೆರಡು ಎಕರೆ ತೋಟ ಈಗ ಪುರಸಭೆಯ ಕೈಗೆ ಬಂದಿದೆ. ಪಾರ್ಕ್ ಮಾಡಬೇಕು ಅನ್ನುವುದರಲ್ಲಿ ಜಗಳವಿಲ್ಲ. ಆದರೆ ಸಮಿತಿಯಲ್ಲಿ ಎರಡು ಗುಂಪು. ಒಬ್ಬರಿಗೆ ಒಂದು ಕಲ್ಲೂ ಕದಲಬಾರದು. ಇನ್ನೊಬ್ಬರಿಗೆ ವಾಕಿಂಗ್ ಟ್ರ್ಯಾಕ್, ಓಪನ್ ಜಿಮ್, ಮಕ್ಕಳ ರೈಲು ಎಲ್ಲವೂ ಬೇಕು. “ನನ್ನನ್ನು ಮಧ್ಯೆ ಕೂರಿಸಿದ್ದಾರೆ, ಯಾರ ಕಡೆ ನಿಲ್ಲಲಿ?” ಎಂದು ಕೇಳಿದ್ದಾರೆ.

ಮೇಷ್ಟ್ರೇ, ಮೊದಲನೇ ಗುಂಪಿಗೆ ನನ್ನ ಪರವಾಗಿ ಒಂದು ಪ್ರಶ್ನೆ ಕೇಳಿ. ಒಂದು ಕಲ್ಲೂ ಕದಲಬಾರದು ಸರಿ, ಆದರೆ ಯಾವ ವರ್ಷದ ಕಲ್ಲು?

ಲಾಲ್‌ಬಾಗನ್ನೇ ನೋಡಿ. 1760ರಲ್ಲಿ ಹೈದರಾಲಿ ಶಿರಾದ ತೋಟವನ್ನು ಮನಸ್ಸಿನಲ್ಲಿಟ್ಟುಕೊಂಡು ಶುರುಮಾಡಿಸಿದ್ದು. ಆಗ ಸುಮಾರು 40 ಎಕರೆ, ಅರಮನೆಯವರ ಖಾಸಗಿ ತೋಟ. ಟಿಪ್ಪು ದೂರದ ದೇಶಗಳಿಂದ ಗಿಡ, ಬೀಜ ತರಿಸಿದ. 1856ರಲ್ಲಿ ಅದು ಸರ್ಕಾರಿ ಸಸ್ಯತೋಟವಾಯಿತು. ಗಾಜಿನ ಮನೆಗೆ ಅಡಿಗಲ್ಲು ಬಿದ್ದಿದ್ದು 1889ರಲ್ಲಿ. ಕೆಂಪೇಗೌಡ ಗೋಪುರ ಇರುವ ಬಂಡೆ ತೋಟದೊಳಗೆ ಸೇರಿದ್ದು 1891ರಲ್ಲಿ. ಈಗ ಒಟ್ಟು 240 ಎಕರೆ. ಹೈದರನ ಕಾಲಕ್ಕೇ ನಿಲ್ಲಿಸಿಬಿಟ್ಟಿದ್ದರೆ ಗಾಜಿನ ಮನೆಯೂ ಇಲ್ಲ, ಬಂಡೆಯೂ ಇಲ್ಲ.

ಇನ್ನೊಂದು ಮಾತು. ಆ ಗಾಜಿನ ಮನೆ ಕಟ್ಟಿದ್ದೇ ಹೂವು, ಹಣ್ಣು, ಗಿಡಗಳ ಪ್ರದರ್ಶನಕ್ಕೆ, ಅಂದರೆ ಜನ ಸೇರಲಿ ಅಂತ. 1969ರ ಎಐಸಿಸಿ (ಅಖಿಲ ಭಾರತ ಕಾಂಗ್ರೆಸ್ ಸಮಿತಿ) ಅಧಿವೇಶನ ಕೂಡ ಅಲ್ಲೇ ನಡೆಯಿತು. ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನಕ್ಕೆ ನುಗ್ಗುವ ಜನಜಂಗುಳಿ ಕಂಡು ನಾನೂ ಮುಖ ಸಿಂಡರಿಸಿದ್ದೇನೆ. ಆದರೆ ಆ ಜನವೂ ಅಲ್ಲಿನ ಇತಿಹಾಸವೇ ಅಲ್ವಾ?

ಹಾಗಂತ ಎರಡನೇ ಗುಂಪಿನವರು ಚಪ್ಪಾಳೆ ತಟ್ಟಬೇಕಿಲ್ಲ. ಲಾಲ್‌ಬಾಗ್‌ನಲ್ಲಿ ಒಂದು ಕಾಲಕ್ಕೆ ಮೃಗಾಲಯವೂ ಇತ್ತು. ಈಗ ಅದರ ಗುರುತಿಗೆ ಪಾರಿವಾಳದ ಗೂಡೊಂದು ನಿಂತಿದೆ, ಅಷ್ಟೇ. ಜನರ ಮೋಜು ಹಾಗೇ, ಒಂದು ತಲೆಮಾರಿಗೆ ಬೇಕಾಗಿದ್ದು ಇನ್ನೊಂದಕ್ಕೆ ಬೇಡ. ಅದೇ ತೋಟದ ಬೂರುಗದ ಮರ ನೋಡಿ, ಬುಡದ ಬೇರುಗಳು ಗೋಡೆಯ ಹಾಗೆ ಎದ್ದು ನಿಂತಿವೆ. ಅಂಥ ಮರವನ್ನು ಯಾವ ಟೆಂಡರ್ ಕರೆದು ತರಿಸುತ್ತೀರಿ?

ಅದಕ್ಕೇ ಸಮಿತಿಯ ಮುಂದೆ ನಾನು ಇಡುವ ಪ್ರಶ್ನೆ ಒಂದೇ. ಹೊಸದಾಗಿ ಏನು ತಂದರೂ ಇಪ್ಪತ್ತು ವರ್ಷದ ಮೇಲೆ ಬೇಡ ಅನ್ನಿಸಿದಾಗ ಎತ್ತಿ ಆಚೆ ಇಡಬಹುದಾ? ಬೆಂಚು, ಉಯ್ಯಾಲೆ, ಮಣ್ಣಿನ ದಾರಿ, ಇವೆಲ್ಲ ಪಾಸು. ಜಿಮ್ಮಿನ ಸಾಮಾನಿಗೆ ನೆಲಕ್ಕೆ ಕಾಂಕ್ರೀಟ್ ಸುರಿಯುತ್ತಾರೆ, ಅದಕ್ಕೆ ಗೇಟಿನ ಹತ್ತಿರ ಒಂದು ಮೂಲೆ ಕೊಡಿ, ಸಾಕು. ರೈಲಿಗೆ ಹಳಿ, ಸ್ಟೇಷನ್ನು, ಟಿಕೆಟ್ ಕೌಂಟರು, ಆಮೇಲೆ ಪಕ್ಕದಲ್ಲಿ ಗೋಬಿ ಮಂಚೂರಿ. ಅದು ಫೇಲು.

ದಾರಿಯ ವಿಷಯದಲ್ಲಿ ಅವಸರ ಬೇಡ. ಒಂದು ಮಳೆಗಾಲ ಸುಮ್ನೆ ಜನರನ್ನು ಒಳಗೆ ಬಿಡಿ. ಎಲ್ಲಿ ಹುಲ್ಲು ಸವೆಯುತ್ತದೋ ಅಲ್ಲೇ ಜನರಿಗೆ ದಾರಿ ಬೇಕಾಗಿದೆ. ಆ ದಾರಿ ಮರದ ಬುಡಕ್ಕೆ ಬಂದರೆ ಸ್ವಲ್ಪ ಪಕ್ಕಕ್ಕೆ ತಿರುಗಿಸಿ. ನೀರು ಹೀರುವ ಸಣ್ಣ ಬೇರುಗಳು ಹೆಚ್ಚಾಗಿ ಮೇಲಿನ ಒಂದೆರಡು ಅಡಿ ಮಣ್ಣಿನಲ್ಲೇ ಹರಡಿರುತ್ತವೆ, ಮಣ್ಣು ಗಟ್ಟಿಯಾದರೆ ಅವಕ್ಕೆ ಉಸಿರು ಕಟ್ಟುತ್ತದೆ. ಇಂಟರ್‌ಲಾಕ್ ಟೈಲ್ಸನ್ನು ಕಾಂಡದವರೆಗೂ ತಂದು ಮುಗಿಸುವ ಚಾಳಿ ನಮ್ಮಲ್ಲಿದೆ. ಅದನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಬಂಗಲೆಗೆ ಮಾತ್ರ ಬೀಗ ಹಾಕಬೇಡಿ. ಕಿಟಕಿ ತೆಗೆಯುವವರಿಲ್ಲದ ಮನೆ ಬೇಗ ಸಾಯುತ್ತದೆ. ಹೆಂಚು ಜಾರುತ್ತದೆ, ನೀರು ಇಳಿಯುತ್ತದೆ, ಗೆದ್ದಲು ಬರುತ್ತದೆ. ಕೆಳಗಿನ ಹಜಾರದಲ್ಲಿ ಪೇಪರ್ ಓದುವ ಜಾಗ ಮಾಡಿ, ಭಾನುವಾರ ಮಕ್ಕಳಿಗೆ ಚೆಸ್ ಬೋರ್ಡ್ ಇಡಿ. ರಿಪೇರಿಗೆ ಬಂದವರು ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಮೆತ್ತಲು ನೋಡುತ್ತಾರೆ, ಬಿಡಬೇಡಿ. ತೇವ ಒಳಗೇ ಸಿಕ್ಕಿಕೊಂಡು ಗೋಡೆ ಉದುರುತ್ತದೆ. ಗಾರೆಗೆ ಗಾರೆಯೇ ಆಗಬೇಕು.

ದೆಹಲಿಯ ಲೋಧಿ ಗಾರ್ಡನ್ ಹೆಸರು ಹೇಳದಿದ್ದರೆ ಈ ಉತ್ತರ ಮುಗಿಯುವುದಿಲ್ಲ. ಹದಿನೈದನೇ ಶತಮಾನದ ಗೋರಿಗಳ ಪಕ್ಕದಲ್ಲೇ ಜನ ಚಾಪೆ ಹಾಸಿ ಬುತ್ತಿ ಬಿಚ್ಚುತ್ತಾರೆ. ನೋಡಲು ಚೆಂದ. ಆದರೆ 1936ರಲ್ಲಿ ಅದನ್ನು ವೈಸ್‌ರಾಯ್ ಪತ್ನಿ ಲೇಡಿ ವಿಲಿಂಗ್ಡನ್ ಹೆಸರಿನ ಪಾರ್ಕ್ ಮಾಡುವಾಗ ಅಲ್ಲಿದ್ದ ಖೈರ್‌ಪುರ ಎಂಬ ಹಳ್ಳಿಯನ್ನೇ ಎಬ್ಬಿಸಿದರು. ಗೋರಿ ಉಳಿಯಿತು, ಊರು ಹೋಯಿತು.

ನಿಮ್ಮ ತೋಟದ ಹಿಂದಿನ ಬೇಲಿಯ ಸಂದಿಯಿಂದ ಹೆಂಗಸರು ಬಾವಿಗೆ ಬರುತ್ತಾರೆ, ಹುಡುಗರು ಮಾವಿನಕಾಯಿ ಕದಿಯುತ್ತಾರೆ ಎಂದು ನೀವೇ ಬರೆದಿದ್ದೀರಿ. ಕಾಂಪೌಂಡ್ ಎಬ್ಬಿಸುವಾಗ ಮೊದಲು ಮುಚ್ಚುವುದು ಆ ಸಂದಿಯನ್ನೇ. ಅಲ್ಲೊಂದು ಪುಟ್ಟ ಗೇಟ್ ಇಡಿಸಿ, ಅದಕ್ಕೆ ಟಿಕೆಟ್ ಬೇಡ. ಸಂತೆ ಮೈದಾನದ ಪಕ್ಕ ಪುರಸಭೆಯ ಜಾಗ ಖಾಲಿ ಬಿದ್ದಿದೆಯಂತಲ್ಲ, ರೈಲು ಅಲ್ಲಿ ಓಡಲಿ.

- ಸಂ.