ಚಿಪ್ಸ್, ಪಬ್ಬು ಮತ್ತು ಅಮ್ಮ ನೋಡುವ ‘ಲಾಸ್ಟ್ ಸೀನ್’

ನನ್ನ ಹತ್ತಿರ ಆಪ್ತಸಲಹೆಗೆ ಬಂದ ಹುಡುಗಿಯೊಬ್ಬಳ ಕಥೆ ಇದು. ಗುರುತು ಸಿಗಬಾರದು ಅಂತ ಊರು, ವಯಸ್ಸು, ಓದಿನ ವಿಷಯ ಬದಲಿಸಿದ್ದೇನೆ. ಬರೆಯಲು ಅವಳ ಒಪ್ಪಿಗೆ ಇದೆ.

ಶಿವಮೊಗ್ಗ ಕಡೆಯ ಹುಡುಗಿ, 23 ವರ್ಷ, ಐರ್ಲೆಂಡಿನ ಡಬ್ಲಿನ್‌ನಲ್ಲಿ ಎಂಎಸ್ಸಿ. ವಿಡಿಯೊ ಕಾಲ್‌ನಲ್ಲಿ ಮೊದಲು ಹೇಳಿದ್ದು ಇಷ್ಟು: ನಿದ್ದೆ ಬರಲ್ಲ, ಊಟ ಸೇರಲ್ಲ, ಸಂಜೆಯಾದರೆ ರೂಮು ಬಿಟ್ಟು ಹೊರಡಲು ಮನಸ್ಸಿಲ್ಲ. ಮೊದಲ ಕೆಲವು ತಿಂಗಳು ಹೀಗಿರಲಿಲ್ಲ. ಕ್ಲಾಸಿನವರ ಜೊತೆ ಪಬ್ಬಿಗೆ ಹೋಗಿ, ಕೋಕ್ ಹಿಡಿದು ಕೂತು, ಅಲ್ಲಿನ ಸಂಗೀತ ಕೇಳಿ, ವಾಪಸ್ ಬರುವಾಗ ‘ಚಿಪ್ಪರ್’ ಅನ್ನೋ ಕರಿದ ಮೀನಿನ ಅಂಗಡಿಯಲ್ಲಿ ಎಲ್ಲರಂತೆ ವಿನೆಗರ್ ಹಾಕಿದ ಬಿಸಿ ಚಿಪ್ಸ್ (ಉದ್ದುದ್ದ ಹೆಚ್ಚಿ ಕರಿದ ಆಲೂಗಡ್ಡೆ) ತಿನ್ನುತ್ತಿದ್ದಳು. ಒಂದು ರಾತ್ರಿ ಫ್ಲ್ಯಾಟ್‌ಮೇಟ್ ಸುಮ್ನೆ ಮಾತಿಗೆ ಅಂದಳಂತೆ, ಇಲ್ಲಿ ದನದ ಕೊಬ್ಬಲ್ಲಿ ಕರೀತಾರೆ, ಅದಕ್ಕೇ ಇಷ್ಟು ರುಚಿ ಅಂತ.

ಇವಳದು ಏಕಾದಶಿ ದಿನ ಒಲೆಯನ್ನೇ ಹಚ್ಚದ ಮನೆ.

ಇದರ ಜೊತೆಗೆ ಅಮ್ಮ. ಅವರು ಬೆಳಗ್ಗೆ ಐದೂವರೆಗೆ ಎದ್ದು ಮೊದಲು ವಾಟ್ಸಾಪ್ ತೆಗೆದು ಮಗಳ ‘ಲಾಸ್ಟ್ ಸೀನ್’, ಅಂದರೆ ಅವಳು ಕೊನೆಗೆ ಯಾವಾಗ ಆನ್‌ಲೈನ್ ಇದ್ದಳು ಅನ್ನೋದನ್ನು ನೋಡುತ್ತಾರೆ. ಚಳಿಗಾಲದಲ್ಲಿ ಡಬ್ಲಿನ್‌ನಲ್ಲಿ ಆಗ ರಾತ್ರಿ 12. ‘ಇನ್ನೂ ಮಲಗಿಲ್ವಾ, ಎಲ್ಲಿದ್ದೀಯ?’ ‘ಲೈಬ್ರರಿ ಅಮ್ಮ.’ ಈ ಸುಳ್ಳು ಒಂದು ಸಲ ಹೇಳಿದ್ದು ಅಭ್ಯಾಸವೇ ಆಗಿತ್ತು. ಪಬ್ಬು, ಚಿಪ್ಸ್, ಸುಳ್ಳು ಮೂರನ್ನೂ ಒಂದೇ ಗಂಟು ಕಟ್ಟಿಕೊಂಡು ‘ನಾನು ಕೆಟ್ಟೋದೆ ಮೇಡಂ’ ಅಂತ ಅತ್ತಳು. ಆ ಗಂಟು ಬಿಚ್ಚೋದೇ ನಮ್ಮ ಕೆಲಸವಾಯಿತು.

ಚಿಪ್ಸ್ ವಿಷಯದಲ್ಲಿ ‘ಪರವಾಗಿಲ್ಲ ಬಿಡು’ ಅಂತ ನಾನು ಅನ್ನಲಿಲ್ಲ, ಅವಳಿಗೆ ಅದು ಹಾಗೆ ಬಿಟ್ಟುಬಿಡುವ ವಿಷಯ ಅಲ್ಲವೇ ಅಲ್ಲ. ‘ನಿಮ್ಮಮ್ಮನೇ ಗೊತ್ತಿಲ್ಲದೆ ತಿಂದಿದ್ರೆ ಏನಂತಿದ್ದೆ?’ ಅಂತ ಕೇಳಿದೆ. ತುಂಬ ಹೊತ್ತು ಸುಮ್ಮನಿದ್ದು, ‘ತಲೆಗೆ ಸ್ನಾನ ಮಾಡಿ ದೀಪ ಹಚ್ಚಮ್ಮ, ಮುಗೀತು ಅಂತಿದ್ದೆ’ ಅಂದಳು. ಹಾಗೇ ಮಾಡು ಅಂದೆ. ಇನ್ನು ಮುಂದಕ್ಕೆ: ಐರೋಪ್ಯ ಒಕ್ಕೂಟದ ಕಾನೂನಿನಂತೆ ಹೋಟೆಲಿನವರು 14 ಅಲರ್ಜಿ ಪದಾರ್ಥಗಳ ಮಾಹಿತಿ ಕೊಡಲೇಬೇಕು, ಆದರೆ ದನದ ಕೊಬ್ಬು ಆ ಪಟ್ಟಿಯಲ್ಲಿ ಇಲ್ಲ. ಹಾಗಾಗಿ ‘ಯಾವುದರಲ್ಲಿ ಕರೀತೀರಿ?’ ಅಂತ ಬಾಯಿಬಿಟ್ಟು ಕೇಳಬೇಕು. ತರಕಾರಿ ಸೂಪ್‌ಗೂ ಕೋಳಿ ಬೇಯಿಸಿದ ನೀರು ಹಾಕಿರಬಹುದು, ಕೇಳು. ಬ್ಲ್ಯಾಕ್ ಪುಡಿಂಗ್ ಹೆಸರು ಕೇಳಿ ಸಿಹಿ ಅಂದುಕೊಳ್ಳಬೇಡ, ಅದು ಹಂದಿಯ ರಕ್ತದ್ದು. ಧೈರ್ಯವಾಗಿ ತಿನ್ನೋದಕ್ಕೆ ಸೋಡಾ ಬ್ರೆಡ್ ಇದೆ, ಆಲೂಗಡ್ಡೆಗೆ ಎಲೆಕೋಸು, ಬೆಣ್ಣೆ ಹಾಕಿ ಮಸೆದ ಕೋಲ್ಕ್ಯಾನನ್ ಇದೆ (ಹಂದಿಮಾಂಸ ಸೇರಿಸಿಲ್ಲ ತಾನೇ ಅಂತ ಮಾತ್ರ ಕೇಳಿಕೋ).

ಪಬ್ಬಿನ ಮಾತು ಬಂದಾಗ ಅವಳ ದನಿಯೇ ಬೇರೆ. ಹೈಸ್ಕೂಲ್ ಮುಗಿಯೋವರೆಗೂ ಪಿಟೀಲು ಕಲಿತವಳು. ಡಬ್ಲಿನ್‌ನ ಸ್ಮಿತ್‌ಫೀಲ್ಡ್‌ನಲ್ಲಿ ಕಾಬಲ್‌ಸ್ಟೋನ್ ಅನ್ನೋ ಪಬ್ಬಿದೆ. ಅಲ್ಲಿ ವಾದ್ಯದವರು ಸ್ಟೇಜ್ ಹತ್ತದೆ ಒಂದು ಮೇಜಿನ ಸುತ್ತ ಕೂತು ನುಡಿಸುತ್ತಾರೆ, ಪಿಟೀಲು, ಕೊಳಲು, ಬೋರಾನ್ ಅನ್ನೋ ತಮಟೆಯಂಥ ವಾದ್ಯ. ಜಿಗ್ ಅನ್ನೋ ಕುಣಿತದ ಮಟ್ಟು ಶುರುವಾದರೆ ಮೂರರ ಎಣಿಕೆಯ ತಿಶ್ರ ನಡೆ ಕಲಿತವರ ಕಾಲು ತಾನಾಗೇ ತಾಳ ಹಾಕುತ್ತೆ. ಕರ್ನಾಟಕ ಸಂಗೀತದ ಮುತ್ತುಸ್ವಾಮಿ ದೀಕ್ಷಿತರ ನೊಟ್ಟುಸ್ವರಗಳೂ ಪಾಶ್ಚಾತ್ಯ ಮಟ್ಟುಗಳ ಮೇಲೇ ಕಟ್ಟಿದವು, ಹಾಗಾಗಿ ಇವಳ ಕಿವಿಗೆ ಅದು ಪೂರ್ತಿ ಹೊಸದೂ ಅಲ್ಲ. ಅಂದರೆ ಅವಳನ್ನು ಸೆಳೆದಿದ್ದು ಸಂಗೀತ, ಅದನ್ನೇ ‘ಹಾಳಾಗೋದು’ ಅಂತ ಲೆಕ್ಕ ಹಾಕಿಕೊಂಡಿದ್ದಳು.

ಹೋಗು ಅಂದೆ. ಆದರೆ ರೌಂಡ್‌ಗೆ ಸೇರಬೇಡ, ಒಬ್ಬರು ಕೊಡಿಸಿದ್ದನ್ನು ತಗೊಂಡರೆ ಮುಂದೆ ಎಲ್ಲರಿಗೂ ನೀನು ಕೊಡಿಸಬೇಕಾಗುತ್ತೆ, ಅದು ಅಲ್ಲಿನ ರೂಢಿ. ಕ್ಲಾಸು ನಡೆಯೋ ತಿಂಗಳುಗಳಲ್ಲಿ ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡಬಹುದಾದ ವಿದ್ಯಾರ್ಥಿಗೆ ಆ ಖರ್ಚು ಜಾಸ್ತಿ. ‘ನಂದು ನಾನೇ ತಗೋತೀನಿ’ ಅಂತ ಕೂರುವ ಮೊದಲೇ ಹೇಳಿಬಿಡು, ಯಾರೂ ಬೇಜಾರು ಮಾಡಿಕೊಳ್ಳಲ್ಲ. ಗ್ಲಾಸು ಬಿಟ್ಟು ಎದ್ದು ಹೋಗಬೇಡ. ಯಾರ ಜೊತೆ ಹೋದೆಯೋ ಅವರ ಜೊತೆಗೇ ವಾಪಸ್ ಬಾ. ಪಬ್ಬೇ ಬೇಡ ಅನ್ನಿಸಿದರೆ 1951ರಲ್ಲಿ ಶುರುವಾದ ಕೋಲ್ತಸ್ ಅನ್ನೋ ಸಂಗೀತ ಸಂಸ್ಥೆಯ ಕೇಂದ್ರ ಡಬ್ಲಿನ್ ಹತ್ತಿರದ ಮಂಕ್ಸ್‌ಟೌನ್‌ನಲ್ಲಿದೆ, ಅಲ್ಲಿ ವಿಚಾರಿಸು.

ಉಳಿದದ್ದು ಸುಳ್ಳು. ಲಾಸ್ಟ್ ಸೀನ್ ಮುಚ್ಚಿಡೋ ಸೆಟ್ಟಿಂಗ್ ಅವಳಿಗೂ ಗೊತ್ತಿತ್ತು. ನಾನು ಬೇಡ ಅಂದೆ, ಅದರಿಂದ ಅಮ್ಮನ ಅನುಮಾನ ಜಾಸ್ತಿಯಾಗುತ್ತೆ ಅಷ್ಟೇ. ಬದಲಿಗೆ ಒಂದು ಶುಕ್ರವಾರ ಹೊರಡೋ ಮೊದಲೇ ಫೋನ್ ಮಾಡಿ, ಇಂಥ ಕಡೆ ಪಿಟೀಲು ಕೇಳೋಕೆ ಹೋಗ್ತಿದ್ದೀನಿ, ಅದು ಪಬ್ಬು, ನಾನು ಕುಡಿಯಲ್ಲ ಅಂತ ಹೇಳಿಬಿಡು ಅಂದೆ. ಹೇಳಿದಳು. ಅಮ್ಮ ಎರಡು ದಿನ ಮಾತಾಡಲಿಲ್ಲ. ಆಮೇಲೆ ಅಪ್ಪನ ಫೋನಿಂದ ‘ಆ ಪಿಟೀಲಿನ ವಿಡಿಯೊ ಕಳಿಸು’ ಅಂತ ಮೆಸೇಜ್ ಬಂತು. ನಿದ್ದೆ ಈಗ ಸುಮಾರಾಗಿ ಬರುತ್ತಿದೆ. ಚಿಪ್ಸ್ ಸಂಗತಿ ಮಾತ್ರ ಮನೆಗೆ ಇನ್ನೂ ಹೇಳಿಲ್ಲ. ಹೇಳಲೇಬೇಕು ಅಂತ ನಾನೂ ಒತ್ತಾಯ ಮಾಡಿಲ್ಲ.