ಓದುಗರ ಪ್ರಶ್ನೆ: ಖಣಿ ಕಾರ್ಮಿಕರ ಚರಿತ್ರೆಗೆ ಸ್ಮಾರಕ ಪ್ರಶಸ್ತಿ ಸಿಕ್ಕೀತೇ?

ಪ್ರಶ್ನೆ: ಶಹಾಬಾದ್, ವಾಡಿ ಭಾಗದ ಕಲ್ಲು ಖಣಿ ಕಾರ್ಮಿಕರ ಕೂಲಿಯ ಚರಿತ್ರೆಯ ಮೇಲೆ ಈಚೆಗೆ ಪಿಎಚ್.ಡಿ. ಮುಗಿಸಿ, ಸದ್ಯ ಅತಿಥಿ ಉಪನ್ಯಾಸಕಿಯಾಗಿದ್ದೇನೆ. ಆರ್ಥಿಕ ಮತ್ತು ಸಾಮಾಜಿಕ ಇತಿಹಾಸದ ಹೊಸ ಸಂಶೋಧಕರಿಗೆ ಸ್ಮಾರಕ ಪ್ರಶಸ್ತಿಗಳಿವೆಯೆಂದು ಕೇಳಿದ್ದೇನೆ. ಕಾಯಂ ಹುದ್ದೆಯಿಲ್ಲದ, ಇಷ್ಟು ಸ್ಥಳೀಯ ವಿಷಯ ಹಿಡಿದಿರುವ ನಾನು ಅರ್ಜಿ ಹಾಕಬಹುದೇ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಹಾಕಬಹುದು, ಹಾಕಲೇಬೇಕು. ಇಂಥವುಗಳಲ್ಲಿ ಹೆಚ್ಚಿನವು ಶಾಲು ಹೊದಿಸಿ ಕಳಿಸುವ ಪ್ರಶಸ್ತಿಗಳಲ್ಲ. ಅಗಲಿದ ವಿದ್ವಾಂಸರ ಹೆಸರಿನಲ್ಲಿ ಮುಂದಿನ ಕೆಲಸಕ್ಕೆ ಕೊಡುವ ನೆರವು. ಬ್ರಿಟನ್ನಿನಲ್ಲಿ 1926ರಲ್ಲಿ ಸ್ಥಾಪನೆಯಾದ ಎಕನಾಮಿಕ್ ಹಿಸ್ಟರಿ ಸೊಸೈಟಿಯು ತನ್ನ ಸ್ಥಾಪಕರಲ್ಲಿ ಸೇರಿದ್ದ ಐಲೀನ್ ಪವರ್ ಮತ್ತು ಆರ್.ಎಚ್. ಟಾನಿ ಅವರ ಹೆಸರಿನಲ್ಲಿ ಹೊಸ ಸಂಶೋಧಕರಿಗೆ ಫೆಲೋಶಿಪ್ ಕೊಡುತ್ತ ಬಂದಿದೆ, ಅದರ ಪಿಎಚ್.ಡಿ. ಪ್ರಬಂಧದ ಬಹುಮಾನವು ಕೃಷಿ ಚರಿತ್ರೆಯ ಜೋನ್ ಥರ್ಸ್ಕ್ ಮತ್ತು ರಾಷ್ಟ್ರೀಯ ಆದಾಯ, ಕೂಲಿಗಳ ಲೆಕ್ಕ ಕಟ್ಟಿದ ಚಾರ್ಲ್ಸ್ ಫೈನ್‌ಸ್ಟೀನ್ ಅವರ ಹೆಸರು ಹೊತ್ತಿದೆ. ಇಂಥ ನೆರವುಗಳಲ್ಲಿ ಸಾಮಾನ್ಯವಾಗಿ ನೋಡುವುದು ಹುದ್ದೆ ಕಾಯಮ್ಮೋ ಅಲ್ಲವೋ ಎಂಬುದನ್ನಲ್ಲ, ಪಿಎಚ್.ಡಿ. ಪಡೆದು ಎಷ್ಟು ವರ್ಷವಾಯಿತು ಎಂಬುದನ್ನು. ಆದರೆ ಕೆಲವು ಆಯಾ ದೇಶದವರಿಗಷ್ಟೇ ಮೀಸಲಾಗಿರುವುದರಿಂದ ಅರ್ಹತೆಯ ಷರತ್ತನ್ನು ಮೊದಲೇ ಓದಿಕೊಳ್ಳಿ. ನಮ್ಮಲ್ಲಿ 1972ರಲ್ಲಿ ಆರಂಭವಾದ ಭಾರತೀಯ ಇತಿಹಾಸ ಸಂಶೋಧನಾ ಪರಿಷತ್ತಿನ ಅಧ್ಯಯನ ಮತ್ತು ಪ್ರವಾಸ ಅನುದಾನವನ್ನೂ ಜೊತೆಗೇ ಪ್ರಯತ್ನಿಸಿ.

ವಿಷಯ ಸ್ಥಳೀಯವೆಂಬ ಅಳುಕು ಬೇಡ. 1871ರಲ್ಲಿ ಮುಂಬೈ ಕಡೆಯ ರೈಲು ರಾಯಚೂರು ಮುಟ್ಟಿತು, 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. ಶಹಾಬಾದಿನ ಪರಸಿ, ಅಂದರೆ ನೆಲಹಾಸಿನ ಕಲ್ಲು, ದೂರದ ಪೇಟೆಗಳಿಗೆ ಹೋದದ್ದು ಈ ಹಳಿಗಳ ಮೇಲೆಯೇ. ಹಾಗಿರುವಾಗ ಖಣಿಯ ಕೂಲಿಯನ್ನು ಸೋಲಾಪುರದ ಗಿರಣಿಯ ಕೂಲಿಯೊಡನೆ ತೂಗಿ ನೋಡುವುದು ನಿಮ್ಮ ಮುಂದಿನ ಪ್ರಶ್ನೆಯಾಗಬಹುದು. ಸೋಲಾಪುರದ ಲೆಕ್ಕ ಬ್ರಿಟಿಷ್ ರೂಪಾಯಿಯದು, ಶಹಾಬಾದಿನದು ನಿಜಾಮರ ಸ್ವಂತ ನಾಣ್ಯವಾದ ಹಾಲಿ ಸಿಕ್ಕದ್ದು. ಏಳು ಹಾಲಿ ರೂಪಾಯಿಗೆ ಆರು ಬ್ರಿಟಿಷ್ ರೂಪಾಯಿ ಎಂಬ ದರವನ್ನು ಮರೆತು ಎರಡನ್ನೂ ಒಂದೇ ಪಟ್ಟಿಯಲ್ಲಿಟ್ಟರೆ ನಮ್ಮ ಕಡೆಯ ಕೂಲಿ ಆರರಲ್ಲಿ ಒಂದು ಪಾಲು ಹೆಚ್ಚಾಗಿ ಕಾಣುತ್ತದೆ. ಹಾಗೆಯೇ ಕಡತದ ಮೇಲಿನ ಫಸಲಿ (ನಿಜಾಮರ ಕಂದಾಯ ವರ್ಷ) 1340 ಎಂಬುದಕ್ಕೆ 590 ಕೂಡಿಸಿ 1930–31 ಎಂದು ಓದಬೇಕು. ಇಂಥ ಎರಡು ವಾಕ್ಯಗಳು ಅರ್ಜಿಯಲ್ಲಿದ್ದರೆ, 'ಕಲ್ಯಾಣ ಕರ್ನಾಟಕದ ನಿರ್ಲಕ್ಷಿತ ಇತಿಹಾಸ' ಎಂದು ಪುಟಗಟ್ಟಲೆ ಬರೆಯುವುದಕ್ಕಿಂತ ಹೆಚ್ಚು ಕೆಲಸ ಮಾಡುತ್ತವೆ. ಆ ಮಾತು ನಿಜವೇ ಆದರೂ, ಪರಿಶೀಲಿಸುವವರು ಅದನ್ನು ಓದಿ ಓದಿ ದಣಿದಿರುತ್ತಾರೆ.

ಖರ್ಚಿನ ಪಟ್ಟಿ ಮಾಡುವಾಗ ಹೈದರಾಬಾದಿನ ತಾರ್ನಾಕದಲ್ಲಿರುವ ತೆಲಂಗಾಣ ರಾಜ್ಯ ಪತ್ರಾಗಾರದಲ್ಲಿ ಕೂರುವ ದಿನಗಳು, ವಸತಿ, ಪ್ರತಿ ಮಾಡಿಸುವ ಶುಲ್ಕ ಎಲ್ಲವನ್ನೂ ಬಿಡಿಬಿಡಿಯಾಗಿ ತೋರಿಸಿ. ನಿಮಗೆ ಉರ್ದುವಿನ ಶಿಕಸ್ತಾ ಎಂಬ ಮೋಡಿಯಂಥ ಕೂಡಕ್ಷರದ ಬರಹ ಓದಲು ಬಾರದಿದ್ದರೆ, ಓದಿಕೊಡುವವರ ಸಂಭಾವನೆಯನ್ನೂ ಸಂಕೋಚವಿಲ್ಲದೆ ಸೇರಿಸಿ. ನಿಜಾಮರ ಕಾಲದ ಕಡತ ಹಿಡಿದವರಿಗೆ ಅದು ರೈಲು ಟಿಕೆಟಿನಷ್ಟೇ ಅಗತ್ಯದ ಬಾಬತ್ತು. ಶಿಫಾರಸು ಪತ್ರವನ್ನು ದೊಡ್ಡ ಹೆಸರಿನವರಿಂದ ಬೇಡುವ ಬದಲು, ನಿಮ್ಮ ಪ್ರಬಂಧವನ್ನು ಕಡೆಯ ಪುಟದವರೆಗೆ ಓದಿರುವ ಮಾರ್ಗದರ್ಶಕರಿಂದಲೋ ಪರೀಕ್ಷಕರಿಂದಲೋ ಪಡೆಯಿರಿ, ಮತ್ತು ಅವರಿಗೆ ಅರ್ಜಿಯ ಪ್ರತಿಯನ್ನು ಕೊನೆಯ ದಿನಾಂಕಕ್ಕೆ ಸಾಕಷ್ಟು ಮೊದಲೇ ತಲುಪಿಸಿ.